ದೋಣಿಯ ತುದಿಯಲ್ಲಿದ್ದ ಕಲ್ಲು

ಇವತ್ತು ಅಮ್ಮತ್ತಿ ಸಂತೆಯಲ್ಲಿ ಮೀನಿನವನು ತಕ್ಕಡಿ ಸಮ ಮಾಡಲು ಖಾಲಿ ತಟ್ಟೆಗೊಂದು ಕಲ್ಲು ಇಟ್ಟ. ನಾನು ಮೀನು ಕೊಳ್ಳದೆ ಬಂದುಬಿಟ್ಟೆ.

ಬ್ರಿಟಿಷರ ಕಾಲ, ನನಗಾಗ ಎಂಟೋ ಒಂಬತ್ತೋ. ಅಪ್ಪ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ವರ್ಷಕ್ಕೊಮ್ಮೆ, ಕಾಫಿ ಪಿಕ್ಕಿಂಗ್ ಮುಗಿದ ಮೇಲೆ, ದೊರೆ ಕಾವೇರಿಯಲ್ಲಿದ್ದ ತನ್ನ ದೋಣಿಯನ್ನು ಒಂದು ದಿನ ಮೀನು ಹಿಡಿಯಲು ನಮಗೆ ಬಿಡುತ್ತಿದ್ದ. ಮುಂದಿನ ತುದಿಯಲ್ಲಿ ಎಲೆಅಡಿಕೆ ಜಗಿಯುತ್ತ, ನೀರಿಗೆ ಕೈ ಇಳಿಬಿಟ್ಟು ಅವ್ವ ಕೂರುತ್ತಿದ್ದಳು. ನಡುವೆ ನಾನು. ಹಿಂದೆ ಹುಟ್ಟು ಹಾಕುತ್ತ ಅಪ್ಪ.

ಅವ್ವ ತೀರಿಕೊಂಡ ವರ್ಷವೂ ಹೋದೆವು. ಮುಂದೆ ಭಾರವಿಲ್ಲದೆ ದೋಣಿ ಮೂತಿ ಎತ್ತಿತು. ಅಪ್ಪ ಮನೆಗೆ ಹೋಗಿ, ಅವಳು ಬಟ್ಟೆ ಒಗೆಯುತ್ತಿದ್ದ ಚಪ್ಪಟೆ ಕಲ್ಲನ್ನು ಹೊತ್ತು ತಂದು ಅವಳ ಜಾಗದಲ್ಲಿಟ್ಟ.

ಮಧ್ಯಾಹ್ನ ಗಾಳಕ್ಕೆ ಮಹಶೀರ್ ಮೀನು ಬಿತ್ತು, ನನಗಿಂತ ಉದ್ದದ್ದು. ಅಪ್ಪ ಅದನ್ನು ಒಳಗೆಳೆದಾಗ ಕಾವೇರಿಯ ನೀರು ಅಂಚು ದಾಟಿ ದೋಣಿಗೆ ನುಗ್ಗಿತು.

“ಅಪ್ಪಾ, ಕಲ್ಲು ಹೊಳೆಗೆ ಹಾಕು! ಮೀನು ಬಿಡಬ್ಯಾಡ!” ಎಂದು ಕಿರುಚಿದೆ.

ಅಪ್ಪ ನನ್ನನ್ನೊಮ್ಮೆ ನೋಡಿದ. ತೆವಳುತ್ತ ಮುಂದೆ ಹೋಗಿ, ಕಲ್ಲನ್ನೆತ್ತಿ, ಎಸೆಯದೆ, ಮೆಲ್ಲಗೆ ನೀರಿಗಿಳಿಸಿದ.

ಸಂಜೆ ಮೀನು ನೋಡಲು ಕೂಲಿ ಲೈನಿನವರೆಲ್ಲ ಬಂದರು. ಪೂರ್ತಿ ಅವರಿಗೇ ಕೊಟ್ಟು ಅಪ್ಪ ನನಗೆ ಗಂಜಿ ಬಡಿಸಿದ. ಬೈಯಲಿಲ್ಲ. “ಅಲ್ಲಿ ನಿಮ್ಮವ್ವನೇ ಕೂತಿದ್ದಿದ್ರೆ ಮೀನನ್ನೇ ಬಿಡ್ತಿದ್ವಲ್ಲ, ಮಗಳೇ?” ಎಂದು ಕೇಳಿದ, ಅಷ್ಟೇ.



ಇವತ್ತು ಸಂತೆಯಿಂದ ವಾಪಸ್ ಬರುವಾಗ ಆಟೋದವನು, “ಅಜ್ಜೀ, ನಡುವೆ ಆರಾಮಾಗಿ ಕೂತ್ಕೊಳಿ, ಬೇರೆ ಯಾರೂ ಇಲ್ವಲ್ಲ” ಎಂದ.

“ಇರ್ಲಿ ಬಿಡಪ್ಪ” ಎಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಹಾಗೇ ಬಿಟ್ಟು ಕೂತೆ.