ಪಿಟೀಲಿಗೆ ಇಂಚು ಟೇಪು ಹಿಡಿದವಳು

ಕಲಿಸುತ್ತೇನೆ ಎಂದು ಕೂತವರು ಒಂದು ಸಲವೂ ಮಾಡಿ ತೋರಿಸದೆ, ನಿಮಗೆ ಬರಲಿಲ್ಲವೆಂದು ನಿಮ್ಮನ್ನೇ ನೋಡಿ ನಕ್ಕಿದ್ದಾರಾ? ನನಗೆ ಆಗಿದೆ. ನಲವತ್ತಾರನೇ ವಯಸ್ಸಿನಲ್ಲಿ, ಆಂಧ್ರ ಗಡಿಯ ರಾಯದುರ್ಗದಲ್ಲಿ, ಒಂದು ಕೋಣೆ ತುಂಬ ಮಕ್ಕಳ ಎದುರು.

ನಾನು ಲೇಡೀಸ್ ಟೈಲರ್. ತವರು ಮಡಕಶಿರಾ. ಪಿಟೀಲು ಕಲಿಯಬೇಕೆಂಬುದು ಲಂಗ ಹಾಕುತ್ತಿದ್ದ ಕಾಲದ ಆಸೆ. ಮಗಳ ಮದುವೆ ಮುಗಿದ ಮೇಲೆ ಹಳೆಯದೊಂದನ್ನು ಕೊಂಡು ಕ್ಲಾಸಿಗೆ ಸೇರಿದೆ. ಮೇಷ್ಟ್ರು ವಾರಕ್ಕೆರಡು ಸಂಜೆ ಬಳ್ಳಾರಿಯಿಂದ ಬರುತ್ತಿದ್ದರು. ಇಸ್ತ್ರಿ ಜುಬ್ಬಾ, ಜರಿ ಶಾಲು, ಪಕ್ಕದಲ್ಲಿ ಪಿಟೀಲಿನ ಪೆಟ್ಟಿಗೆ. ಮೂರು ತಿಂಗಳಲ್ಲಿ ಅದರ ಮುಚ್ಚಳ ತೆಗೆದದ್ದನ್ನು ನಾನು ಕಾಣೆ. ಅದರ ಮೇಲೆ ಟೀ ಲೋಟ ಇಡುತ್ತಿದ್ದರು. ಕಲಿಸುವುದೆಂದರೆ ಫೋನ್ ಉಜ್ಜುತ್ತಾ "ಕಿವಿ ಇಡ್ರಿ, ಕಿವಿ ಇಡ್ರಿ" ಎನ್ನುವುದು. ಯಾವುದಕ್ಕೆ ಕಿವಿ ಇಡಬೇಕು? ಕಿರುಚುತ್ತಿದ್ದ ನಮ್ಮ ಪಿಟೀಲುಗಳಿಗಾ?

ಬೆರಳಿಡದ ತಂತಿಯೇ ಸ. ಅದೇ ತಂತಿಯ ಮೇಲೆ ರಿ, ಗ, ಮ ಎಲ್ಲಿವೆ ಎಂದು ಬೆರಳೇ ಹುಡುಕಿಕೊಳ್ಳಬೇಕು, ಗುರುತು ಇರುವುದಿಲ್ಲ. ಒಂದು ದಿನ ಮೇಷ್ಟ್ರು ಫೋನಿನಿಂದ ತಲೆ ಎತ್ತಿದರು.

"ಅಕ್ಕಾರ, ಬರೋ ಸೋಮವಾರ ಸರಿಗಮ ನೆಟ್ಟಗ ಬರಲಿಲ್ಲಂದ್ರ ಕ್ಲಾಸಿಗೆ ಬರಬ್ಯಾಡ್ರಿ. ಸಣ್ಣ ಹುಡುಗ್ರು ಕೆಡ್ತಾರ."

ನನ್ನ ಬುದ್ಧಿ ನೋಡಿ. ಮನೆಗೆ ಹೋದವಳೇ ಟೇಪು ಹಿಡಿದು, ಬ್ಲೌಸಿಗೆ ಹುಕ್ಕಿನ ಗುರುತು ಮಾಡುವ ಹಾಗೆ, ಪಿಟೀಲಿನ ತಂತಿಗಳ ಕೆಳಗಿನ ಕರಿ ಪಟ್ಟಿಯ ಮೇಲೆ ಇಂಚಿಗೊಂದು ಚಾಕ್ ಗೀಟು ಎಳೆದೆ. ಇಷ್ಟು ಸುಲಭದ್ದನ್ನು ಈ ಮನುಷ್ಯ ಮಹಾವಿದ್ಯೆ ಮಾಡಿಕೊಂಡಿದ್ದಾನೆ ಎಂದುಕೊಂಡು ಗುರುವಾರ ಹೋಗಿ ನುಡಿಸಿದೆ. ಒಂದು ಸ್ವರವಾದರೂ ಅದರ ಜಾಗದಲ್ಲಿ ಬೀಳಬೇಕಲ್ಲ! ಮೇಷ್ಟ್ರು ಗೀಟು ನೋಡಿ, "ಅಮ್ಮಾ, ಇದಿ ಜಾಕೆಟ್ ಕಾದು!" ಎಂದು ತೆಲುಗಿನಲ್ಲಿ ಕೂಗಿದರು. ಇದು ಬ್ಲೌಸ್ ಅಲ್ಲವಂತೆ. ಪಿಟೀಲನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಗೀಟು ಎಲ್ಲಿ ತಪ್ಪಿದೆ ಎಂದು ಹೇಳುವ ಕೆಲಸ ಮಾತ್ರ ಅವರದಲ್ಲ.

ಮನೆಯಲ್ಲಿ ನಮ್ಮ ಅತ್ತೆ ಕಾಯುತ್ತಿದ್ದರು. ಭಜನೆಗೆ ವರ್ಷಗಟ್ಟಲೆ ಹಾರ್ಮೋನಿಯಂ ನುಡಿಸಿದವರು. ಚಾಕ್ ಗೀಟು ನೋಡಿ ಶುರು ಮಾಡಿದರು.

"ಮೂರು ತಿಂಗಳಾತು, ಬೆಕ್ಕಿನ ಬಾಲ ತುಳಿದಂಗ ಕೇಳ್ತೈತಿ. ಅಲ್ಲವಾ, ಅಳತಿ ಜಾಕೀಟು ಇಲ್ದ ಯಾರಿಗರ ಹೊಲಿದು ಕೊಟ್ಟೀಯೇನು?"

ನಮ್ಮಲ್ಲಿ ಬ್ಲೌಸ್ ಹೊಲಿಸುವವರು ಮೈಗೆ ಸರಿಯಾಗಿ ಕೂತ ಹಳೆಯದೊಂದನ್ನು ಅಳತೆಗೆಂದು ಕೊಡುತ್ತಾರೆ. ಅದಿಲ್ಲದೆ ನಾನು ಕತ್ತರಿಯನ್ನೇ ಮುಟ್ಟುವುದಿಲ್ಲ. ಪಿಟೀಲಿಗೆ ಮಾತ್ರ ಬರೀ ಟೇಪು ಹಿಡಿದಿದ್ದೆ!

ಅತ್ತೆ ಮಂಚದ ಕೆಳಗಿನಿಂದ ಹಾರ್ಮೋನಿಯಂ ಎಳೆಸಿದರು. ಅದರ ಸ ಸ್ವರಕ್ಕೆ ನನ್ನ ತಂತಿ ಕೂಡಿಸಿಕೊಂಡೆ. ಅದರ ಕೀಗಳಿಗೆ ಅತ್ತೆ ಮನೆ ಅನ್ನುತ್ತಾರೆ. "ನೋಡು, ಸ ಪಕ್ಕದಾಗ ರಿ. ಆಮ್ಯಾಲ ಎರಡು ಮನಿ ಬಿಟ್ಟು ಗ. ಗಕ್ಕ ಅಂಟಿಕೊಂಡು ಮ. ಎಲ್ಲಾಕ್ಕೂ ಒಂದಾ ಅಂತರ ಅಂತ ಯಾವನು ಹೇಳಿದ ನಿನಗ?"

ಯಾವನೂ ಹೇಳಿರಲಿಲ್ಲ. ಅದೇ ತೊಂದರೆ. ಚಾಕ್ ಒರೆಸಿದೆ. ಅತ್ತೆ ಒಂದು ಮನೆ ಒತ್ತಿ ಹಿಡಿಯುವುದು, ಎರಡೂ ದನಿ ಒಂದಾಗುವ ತನಕ ನಾನು ಬೆರಳು ಜರುಗಿಸುವುದು. ಶುಕ್ರ, ಶನಿ, ಭಾನುವಾರ ಇದೇ ಕೆಲಸ. ನಡುವೆ "ಹಿಂದಕ್ಕ ತೊಗೋ ಕೈಯಿ, ಕಿವುಡಿ!" ಎಂಬ ಆಶೀರ್ವಾದ.

ಸೋಮವಾರ ನುಡಿಸಿದೆ. ಈ ಸಲ ಮಕ್ಕಳು ನಗಲಿಲ್ಲ. ಮೇಷ್ಟ್ರು ಲೋಟ ಕೆಳಗಿಟ್ಟು, "ದ ಸ್ವರ ಸ್ವಲ್ಪ ಏರೈತಿ" ಅಂದರು. ನಿಜ, ಏರಿತ್ತು. ಅಷ್ಟು ಕಿವಿ ಆ ಮನುಷ್ಯನಿಗೆ ಇದ್ದದ್ದೇ ನನ್ನ ಹೊಟ್ಟೆ ಉರಿಸಿತು. ಗೊತ್ತಿದ್ದೂ ಮೂರು ತಿಂಗಳು ಸುಮ್ಮನೆ ಕೂತಿದ್ದರಲ್ಲ!

"ಸಾರ್, ಒಂದ್ ಸಲ ನೀವೇ ನುಡ್ಸಿ ತೋರ್ಸಿ. ಕೇಳ್ಕಂಡು ಸರಿ ಮಾಡ್ಕಂತೀನಿ."

"ನಾ ನುಡಿಸಿದ್ರ ನಿಮಗ ತಿಳಿತೈತೇನ್ರಿ? ಇರ್ಲಿ, ಪಾಸಾದ್ರಿ, ಕ್ಲಾಸಿಗೆ ಬರ್ರಿ."

ಪಾಸಾದೆನಂತೆ. ಪಿಟೀಲನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಆ ಕಡೆ ಮತ್ತೆ ಹೋಗಿಲ್ಲ. ದ ಇಳಿಸಲು ಇನ್ನೊಂದು ವಾರ ಹಿಡಿಯಿತು, ಅತ್ತೆಯ ಬೈಗುಳದಲ್ಲಿ.

ನಿಮಗೂ ಇಂಥ ಮೇಷ್ಟ್ರು ಸಿಕ್ಕಿದ್ದರೆ ಕೆಳಗೆ ಬರೆಯಿರಿ. ಈಜೋ, ಡ್ರೈವಿಂಗೋ, ಹೊಲಿಗೆಯೋ, ಯಾವುದಾದರೂ ಸರಿ. ಮುಚ್ಚಳ ತೆಗೆಯದ ಪೆಟ್ಟಿಗೆಗಳು ಇನ್ನೆಷ್ಟಿವೆ, ನೋಡೋಣ.