ಭಾಗ್ಯಜ್ಯೋತಿಯ ಲ್ಯಾಪ್‌ಟಾಪ್ ಚುರುಕಾದದ್ದು

ಯಾದಗಿರಿ ಕಡೆಯ ಭಾಗ್ಯಜ್ಯೋತಿಗೆ ಬೆಂಗಳೂರಿನ ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪವಾಗಿತ್ತು. ಅತ್ತೆ ರೇಣುಕವ್ವನಿಗೆ ಲಕ್ವ ಹೊಡೆದ ಮೇಲೆ ಆಫೀಸು ಬಿಟ್ಟು, ಮನೆಯಲ್ಲೇ ಟೈಪಿಂಗ್ ಕೆಲಸ ಹಿಡಿದಿದ್ದಳು. ಹಳೆಯ ಲ್ಯಾಪ್‌ಟಾಪ್ ಪುಟಪುಟಕ್ಕೂ ತಡವರಿಸಿ, ಕೆಲಸ ರಾತ್ರಿಯವರೆಗೆ ಎಳೆಯುತ್ತಿತ್ತು. ಬೇಗ ಮುಗಿದರೆ, ಗಂಡ ಬಸವಂತ ಬಂದ ಮೇಲೆ ಅತ್ತೆಯನ್ನು ಅವನಿಗೆ ಒಪ್ಪಿಸಿ ಜಯನಗರದ ಡಿಸೈನ್ ಕ್ಲಾಸಿಗೆ ಹೋಗಬಹುದೆಂದು ಅವಳ ಆಸೆ.

ಒಮ್ಮೆ ಮನೆ ಓನರ್ ಅಕ್ಕಯಮ್ಮ ಮಗನ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಹೊರಟಿದ್ದರು. "ಸ್ಕ್ರೀನ್ ಒಡೆದೋಗಿದೆ ಕಣಮ್ಮ, ಬೇಕಾದ್ರೆ ತಗೋ," ಎಂದರು.

ಅದು ಇವಳ ಲ್ಯಾಪ್‌ಟಾಪಿನ ಮಾದರಿಯದೇ, ಪ್ರೊಸೆಸರ್ ಮಾತ್ರ ಹೆಚ್ಚು ವೇಗದ್ದು. ಆಫೀಸಿನಲ್ಲಿ ರಿಪೇರಿಯವರು ಬಿಚ್ಚುವುದನ್ನು ಅವಳು ನೋಡಿದ್ದಳು. ಅತ್ತೆಗೆ ಗಂಜಿ ಕುಡಿಸಿ ಮಲಗಿಸಿ, ಎರಡನ್ನೂ ಬಿಚ್ಚಿದಳು. ಒಡೆದದ್ದರ ಪ್ರೊಸೆಸರನ್ನು ಎತ್ತಿ, ಅದರ ಸೂಜಿಗಾಲುಗಳು ಬಾಗದಂತೆ ಉಸಿರು ಬಿಗಿಹಿಡಿದು ತನ್ನದರಲ್ಲಿ ಕೂರಿಸಿದಳು. ಸ್ವಿಚ್ ಒತ್ತಿದಾಗ ಪರದೆ ಬೆಳಗಿತು. ಮರುದಿನ ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಗಂಡನಿಗಾಗಿ ಕಾದಳು.

ಬಸವಂತ ಬಂದು ಲ್ಯಾಪ್‌ಟಾಪಿನ ವೇಗ ನೋಡಿ ಹಿಗ್ಗಿದ. "ಭಾರಿ ಮಾಡೀದಿ ಬಿಡು! ಟೈಪಿಂಗ್ ಕೊಡೂ ನಿಮ್ಮ ಸಾಹೇಬ್ರಿಗೆ ಈಗ ಫೋನ್ ಮಾಡ್ತೀನಿ, ನಾಳಿಂದ ಎರಡರಷ್ಟು ಕೆಲಸ ಕಳಸ್ತಾರ."

"ನಾ ಸಂಜೀಕ ಕ್ಲಾಸಿಗೆ ಹೋಗಬೇಕಂತ ಮಾಡೀನ್ರಿ."

"ಮನ್ಯಾಗ ಕುಂತು ದುಡಿಯೂದು ಬಿಟ್ಟು ಎಲ್ಲಿಗೆ ಹೋಗ್ತಿ?" ಅವಳು ತಮಾಷೆ ಮಾಡುತ್ತಿದ್ದಾಳೆಂದೇ ತಿಳಿದು ಅವನು ನಕ್ಕ.

ಆಗಲೇ ಒಳಗಿನಿಂದ ಅತ್ತೆ ನರಳಿದರು. ಭಾಗ್ಯಜ್ಯೋತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಮರುದಿನ ಹೇಳಿದಂತೆ ಎರಡರಷ್ಟು ಪುಟಗಳು ಬಂದವು. ಒಂದು ಮುಗಿದೊಡನೆ ಇನ್ನೊಂದು ಕ್ಷಣದಲ್ಲಿ ತೆರೆದುಕೊಳ್ಳುತ್ತಿತ್ತು. ಅವಳಿಗೆ ಕಣ್ಣೆತ್ತಿ ಕಿಟಕಿಯಾಚೆ ನೋಡಲೂ ಬಿಡುವಾಗಲಿಲ್ಲ.