ನಾಗವೇಣಿಯ ಸೀಸದ ಏಪ್ರನ್

ವಡೋದರಾದ ಆಸ್ಪತ್ರೆಯೊಂದರ ಪೆಟ್ ಸ್ಕ್ಯಾನ್ ವಿಭಾಗದಲ್ಲಿ ನಾಗವೇಣಿ ಆರು ವರ್ಷಗಳಿಂದ ನರ್ಸ್. ಊರು ಗದಗ. ಗಂಡ ಸುಧೀರ್‌ಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾದಾಗ ಬಂದವಳು. ಮನೆ ಮಂಜಲ್‌ಪುರ ಬಡಾವಣೆಯಲ್ಲಿ.

ರೋಗಿಯ ಕೈಗೆ ಸೂಜಿ ಕೂರಿಸಿ, ವಿಕಿರಣ ಸೂಸುವ ಸಕ್ಕರೆಯಂಥ ಮದ್ದನ್ನು ಕೊಡುವುದು ಅವಳ ಕೆಲಸ. ಅದು ಮೈಯಲ್ಲಿ ಹರಡಲು ಒಂದು ಗಂಟೆ ಬೇಕು. ಅಷ್ಟು ಹೊತ್ತು ರೋಗಿ ಮಾತಾಡದೆ, ಅಲುಗಾಡದೆ ಒಂಟಿಯಾಗಿ ಮಲಗಿರಬೇಕು. ಹೆಚ್ಚಿನವರು ಕ್ಯಾನ್ಸರ್ ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯಲು ಬಂದವರು. ತೀರಾ ಹೆದರಿದವರ ಪಕ್ಕ ನಾಗವೇಣಿ ಸೀಸದ ಏಪ್ರನ್ ತೊಟ್ಟು, ಸ್ಟೂಲ್ ಎಳೆದುಕೊಂಡು, ಕೈ ಹಿಡಿದು ಕೂರುತ್ತಿದ್ದಳು. ಹೀಗೆ ಕೂರು ಎಂದು ಯಾರೂ ಹೇಳಿರಲಿಲ್ಲ.

ಸಿಬ್ಬಂದಿಯ ಎದೆಯ ಮೇಲಿನ ಬ್ಯಾಡ್ಜ್‌ಗಳು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತವೆ. ಯಾರಿಗೆ ಎಷ್ಟು ವಿಕಿರಣ ತಗುಲಿತೆಂದು ಗೊತ್ತಾಗುವುದು ಅದರಿಂದಲೇ. ಕಳೆದ ಮಳೆಗಾಲದ ವರದಿಯಲ್ಲಿ ಅವಳ ಅಂಕಿ ಉಳಿದ ನರ್ಸ್‌ಗಳದ್ದಕ್ಕಿಂತ ಮೂರು ಪಟ್ಟು ಹೆಚ್ಚಿತ್ತು. ಮಿತಿ ದಾಟಿರಲಿಲ್ಲ. ಆದರೂ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಕಶ್ಯಪ್ ಅವಳನ್ನು ಕರೆಸಿದ. ಧಾರವಾಡದವರ ಮಗ, ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ, ಕನ್ನಡ ತಡವರಿಸುತ್ತಿತ್ತು, ನಡುನಡುವೆ ಹಿಂದಿ ನುಸುಳುತ್ತಿತ್ತು.

“ಅಕ್ಕಾ, ಇಂಜೆಕ್ಷನ್ ಆದಮ್ಯಾಲೆ ನೀವು ಎಲ್ಲಿ ಕೂಡತೀರಿ? ಸಚ್ ಹೇಳ್ರಿ.”

“ಪೇಷಂಟ್ ಹತ್ರ. ಏಪ್ರನ್ ಹಾಕ್ಕೊಂಡೇ ಕೂಡತೀನಲ್ಲಪ್ಪಾ.”

ಕಶ್ಯಪ್ ಬೈಯಲಿಲ್ಲ. ಮದ್ದು ಸಿದ್ಧಪಡಿಸುವ ಕೋಣೆಗೆ ಕರೆದೊಯ್ದು, ಸೀಸದ ಡಬ್ಬಿಯ ಮುಚ್ಚಳ ತೆಗೆದು ಎದುರಿಗೆ ಮೀಟರ್ ಇಟ್ಟ. ನಡುವೆ ಅವಳ ಏಪ್ರನ್ ತೂಗುಹಾಕಿದ. ಅಂಕಿ ಕೊಂಚ ಇಳಿದು ನಿಂತಿತು.

“ಇಷ್ಟೇ ಕಡಿಮಿ ಆತೇನು?”

“ಏಪ್ರನ್ ಎಕ್ಸ್‌ರೇಗೆ ಮಾಡಿದ್ದು, ಅಕ್ಕಾ. ಇದು ಅಲಗ್, ಬ್ಯಾರೆ.”

ಕನ್ನಡಕ್ಕೆ ಹಿಂದಿ ಬೆರೆಸಿ ಅವನು ವಿವರಿಸಿದ. ಮದ್ದಿನಿಂದ ಪಾಸಿಟ್ರಾನ್ ಎಂಬ ಕಣ ಹೊರಬೀಳುತ್ತದೆ. ಮಿಲಿಮೀಟರ್‌ನಷ್ಟು ದೂರ ಹೋಗುವಷ್ಟರಲ್ಲಿ ಮೈಯ ಎಲೆಕ್ಟ್ರಾನ್ ಒಂದನ್ನು ಸಂಧಿಸುತ್ತದೆ. ಎರಡೂ ಇಲ್ಲವಾಗಿ, ಅವುಗಳ ಜಾಗದಲ್ಲಿ ಎರಡು ಫೋಟಾನ್‌ಗಳು ಹುಟ್ಟಿ ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಯಂತ್ರದ ಉಂಗುರ ಆ ಜೋಡಿಯನ್ನು ಒಟ್ಟಿಗೇ ಹಿಡಿದು, ಯಾವ ಗೆರೆಯ ಮೇಲೆ ಹುಟ್ಟಿದವೆಂದು ಗುರುತಿಸುತ್ತದೆ. ಮೈಯನ್ನು ದಾಟಿ ಬರುವ ಬಲ ಅವಕ್ಕಿರುವುದರಿಂದಲೇ ಚಿತ್ರ ಸಿಗುವುದು. ಆ ಬಲದ ಮುಂದೆ ಏಪ್ರನ್ನಿನ ಅರ್ಧ ಮಿಲಿಮೀಟರ್ ಸೀಸ ಏನೇನೂ ಸಾಲದು.

ಏಪ್ರನ್ ತೆಗೆದು, ಮೀಟರನ್ನು ಎರಡು ಪಟ್ಟು ದೂರ ಒಯ್ದ. ಅಂಕಿ ಕಾಲು ಭಾಗಕ್ಕೆ ಇಳಿಯಿತು.

ನಾಗವೇಣಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಬೇರೆ ವಾರ್ಡಿಗೆ ಹಾಕಿಸಲೇ ಎಂದು ಕಶ್ಯಪ್ ಕೇಳಿದಾಗ ಬೇಡವೆಂದಳು.

ಮರುವಾರದಿಂದ ರೋಗಿಗಳನ್ನು ಇಪ್ಪತ್ತು ನಿಮಿಷ ಮೊದಲೇ ಬರಹೇಳಿದಳು. ಕೈ ಹಿಡಿಯುವುದು, ಸಮಾಧಾನ ಹೇಳುವುದು ಎಲ್ಲ ಮದ್ದು ಕೊಡುವ ಮೊದಲೇ. ಕೊಟ್ಟ ಮೇಲೆ ಹೊರಗೆ ಕುಳಿತು ಕ್ಯಾಮೆರಾದಲ್ಲಿ ನೋಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಇಂದುಮತಿ ಎರಡನೆಯ ಸ್ಕ್ಯಾನಿಗೆ ಬಂದರು. ಮೈಸೂರಿನವರು, ಬ್ಯಾಂಕ್ ಅಧಿಕಾರಿಯ ಹೆಂಡತಿ. ಮದ್ದು ಕೊಟ್ಟು ನಾಗವೇಣಿ ಎದ್ದಾಗ ಸೆರಗು ಹಿಡಿಯುವವರಂತೆ ಕೈ ಚಾಚಿದರು.

“ಹೋದ್ಸಲ ಜೊತೇಲೇ ಕೂತಿದ್ರಿ. ಈಗ್ಯಾಕಮ್ಮಾ ಹೊರಟ್ರಿ?”

“ಈಗ ನಿಮ್ಮ ಮೈಯಿಂದ ಕಿರಣ ಬರತಾವ್ರಿ ಅಮ್ಮಾ. ನಿಮಗ ಇದು ಒಂದ್ ದಿನ, ನನಗ ದಿನಾ.”

ಇಂದುಮತಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, “ಹೋಗು ತಾಯಿ” ಎಂದರು.

ಮುಂದಿನ ವರದಿಯಲ್ಲಿ ನಾಗವೇಣಿಯ ಅಂಕಿ ಉಳಿದವರ ಸಮಕ್ಕೆ ಬಂದಿತ್ತು. ತಡೆಯಲಾರದೆ ಅತ್ತವರ ಬಳಿಗೆ ಒಂದೆರಡು ಸಲ ಹೋಗಿ ನಿಂತದ್ದುಂಟು. ಅದನ್ನು ಅವಳು ಕಶ್ಯಪ್‌ನಿಂದ ಮುಚ್ಚಿಡಲಿಲ್ಲ.